ಮೇಲ್ದರ್ಜೆಯ ಆಸನ: ಅದೃಷ್ಟವೆಷ್ಟು, ಲೆಕ್ಕವೆಷ್ಟು?

ಕಾಸರಗೋಡಿನ ಆಸುಪಾಸಿನ ಕನ್ನಡ ಮನೆಗಳಿಗೆ ವಿಮಾನಪ್ರಯಾಣವು ಈಗ ಅಪರೂಪದ ಸಂಗತಿಯಲ್ಲ. ಮಂಗಳೂರಿನ ನಿಲ್ದಾಣವು ಮೊದಲೇ ಇತ್ತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನದೂ ತೆರೆಯಿತು. ಕೊಲ್ಲಿ ನಾಡುಗಳಲ್ಲಿ ದುಡಿಯುವ ಮಕ್ಕಳನ್ನು ಕಾಣಲು ವಯಸ್ಸಾದ ತಂದೆತಾಯಿಗಳು ಹೋಗಿಬರುತ್ತಾರೆ. ಹೊರಡುವ ಮುನ್ನ ಅವರಿಗೆ ಒಂದು ಉಪದೇಶ ದೊರೆಯುವುದುಂಟು: “ಕೌಂಟರಿನಲ್ಲಿ ಮೆಲ್ಲನೆ ಕೇಳಿ ನೋಡಿ, ಮುಂದಿನ ದೊಡ್ಡ ಸೀಟು ಪುಕ್ಕಟೆ ಸಿಕ್ಕಿದರೂ ಸಿಕ್ಕೀತು.” ಈ ‘ಸಿಕ್ಕೀತು’ ಎಂಬ ಮಾತಿನ ತೂಕವೆಷ್ಟೆಂಬುದನ್ನು ಈ ತಿಂಗಳು ನಾವು ಪರಿಶೀಲಿಸೋಣ. ಮೊಣಕಾಲು ನೋವಿನ ಹಿರಿಯರು ಅದನ್ನೇ ನಂಬಿ ಹೊರಡುವಾಗ, ಇದು ಕೇವಲ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ಕೇಳಬೇಕಾದುದು, ಆ ವಿಮಾನದಲ್ಲಿ ಮೇಲ್ದರ್ಜೆ ಎಂಬುದು ಇದೆಯೇ ಎಂದು. ಅಗ್ಗದ ದರದ ಅನೇಕ ವಿಮಾನಗಳಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದೇ ದರ್ಜೆ. ಇಲ್ಲದ ಕೋಣೆಯ ಬಾಗಿಲನ್ನು ತಟ್ಟಿ ಫಲವಿಲ್ಲ. ಅಲ್ಲಿ ಸಂಭವವು ಸೊನ್ನೆ.

ಇದ್ದರೆ, ಸಂಸ್ಥೆಯು ಅದನ್ನು ಪುಕ್ಕಟೆ ಕೊಡುವುದಾದರೂ ಏಕೆ? ಟಿಕೇಟು ಕೊಂಡವರಲ್ಲಿ ಕೆಲವರು ಬರುವುದಿಲ್ಲವೆಂಬ ಅನುಭವದಿಂದ ಅನೇಕ ಸಂಸ್ಥೆಗಳು ಆಸನಗಳಿಗಿಂತ ತುಸು ಹೆಚ್ಚು ಟಿಕೇಟುಗಳನ್ನು ಮಾರುತ್ತವೆ. ಎಲ್ಲರೂ ಬಂದುಬಿಟ್ಟರೆ ಹಿಂದಿನ ದರ್ಜೆಯಲ್ಲಿ ಸ್ಥಳ ಸಾಲದು. ಆಗ ಮುಂದೆ ತೆರವಿದ್ದರೆ ಕೆಲವರನ್ನು ಅತ್ತ ಸಾಗಿಸುತ್ತಾರೆ. ಎಂದರೆ ಹಿಂದೆ ಇಕ್ಕಟ್ಟು, ಮುಂದೆ ತೆರವು, ಇವೆರಡೂ ಒಟ್ಟಿಗೆ ಕೂಡಿಬರಬೇಕು. ಮುಂದಿನ ಆಸನಗಳು ಖಾಲಿಯಿವೆ ಎಂಬುದೊಂದೇ ಸಾಕಾಗುವುದಿಲ್ಲ. ಹಿಂದೆಯೂ ಸ್ಥಳವಿದ್ದರೆ ಯಾರನ್ನೂ ಮೇಲಕ್ಕೇರಿಸುವ ಅಗತ್ಯ ಸಂಸ್ಥೆಗಿಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಂತಹ ಸಂದರ್ಭವು ಐದು ಪ್ರಯಾಣಗಳಿಗೊಮ್ಮೆ ಒದಗುತ್ತದೆ, ಒದಗಿದಾಗ 180 ಜನರಲ್ಲಿ 4 ಜನರಿಗೆ ಮುಂದಿನ ಆಸನ ಸಿಗುತ್ತದೆ ಎಂದಿಟ್ಟುಕೊಳ್ಳಿ. ಚೀಟಿ ಎತ್ತಿ ಆರಿಸಿದರೆ ಒಬ್ಬರ ಪಾಲಿನ ಸಂಭವವು ಐದರಲ್ಲೊಂದನ್ನು ನಲವತ್ತೈದರಲ್ಲೊಂದರಿಂದ ಗುಣಿಸಿದಷ್ಟು, ಅಂದರೆ 225ರಲ್ಲಿ ಒಂದು. ವರ್ಷಕ್ಕೊಮ್ಮೆ ಹೋಗಿ ಬರುವವರಿಗೆ ಸರಾಸರಿಯಲ್ಲಿ 112 ವರ್ಷಗಳಿಗೊಮ್ಮೆ ಆ ಭಾಗ್ಯ ಒದಗೀತು!

ಆದರೆ ಅಲ್ಲಿ ಚೀಟಿಯನ್ನೂ ಎತ್ತುವುದಿಲ್ಲ. ಪದೇ ಪದೇ ಹಾರುವವರಿಗಾಗಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರಲ್ಲಿ ಆರಂಭಿಸಿದಂತಹ ಸದಸ್ಯತ್ವದ ಯೋಜನೆಗಳು ಈಗ ಎಲ್ಲೆಡೆ ಇವೆ. ಸದಸ್ಯರಲ್ಲಿ ಉನ್ನತ ಶ್ರೇಣಿಯವರು, ಹೆಚ್ಚು ದರ ಕೊಟ್ಟವರು ಸಾಮಾನ್ಯವಾಗಿ ಸರದಿಯ ತಲೆಯಲ್ಲಿರುತ್ತಾರೆ. ಅಂತಹವರು ನಾಲ್ವರಿದ್ದರೆ ನಮ್ಮ ಉದಾಹರಣೆಯ ನಾಲ್ಕು ಆಸನಗಳೂ ಮುಗಿದವು. ಉಳಿದ ಆಸನಗಳನ್ನು ಪ್ರಯಾಣಕ್ಕೆ ಮೊದಲೇ ಹರಾಜಿನ ಕ್ರಮದಲ್ಲಿ ಮಾರುವ ಸಂಸ್ಥೆಗಳೂ ಉಂಟು. ಹೀಗಿರಲು ಅತಿ ಕಡಿಮೆ ದರದ ಟಿಕೇಟು ಹಿಡಿದ ಹಿರಿಯರ ಪಾಲಿಗೆ ಉಳಿಯುವುದು ಏನು? ಒಳ್ಳೆಯ ಉಡುಪೂ ವಿನಯದ ಮಾತೂ ಈ ಸರದಿಯನ್ನು ಬದಲಿಸಲಾರವು.

ನಮ್ಮ ರೈಲ್ವೆಯ ಪದ್ಧತಿ ಬೇರೆ. 2006ರಲ್ಲಿ ಬಂದ ಯೋಜನೆಯಂತೆ, ಮೇಲಿನ ದರ್ಜೆಯಲ್ಲಿ ಉಳಿದ ಬರ್ತುಗಳನ್ನು ಕೆಳದರ್ಜೆಯಲ್ಲಿ ಪೂರ್ಣ ದರ ಕೊಟ್ಟವರಿಗೆ, ಹೆಚ್ಚಿನ ಹಣ ಪಡೆಯದೆ, ಪಟ್ಟಿ ತಯಾರಾಗುವಾಗ ಗಣಕಯಂತ್ರವೇ ಹಂಚುತ್ತದೆ. ಇಲ್ಲಿ ಶ್ರೇಣಿಯಿಲ್ಲ, ನಿಜವಾಗಿಯೂ ಚೀಟಿ ಎತ್ತಿದಂತೆಯೇ. ತೆರವಾದ ಕೆಳದರ್ಜೆಯ ಸ್ಥಳವು ಕಾಯುವ ಪಟ್ಟಿಯವರಿಗೆ ಸಲ್ಲುತ್ತದೆ. ಆದರೆ ಒಂದು ಎಚ್ಚರಿಕೆ: ಮೇಲಿನ ದರ್ಜೆಗೆ ಹೋದಾಗ ಕೆಳಗಿನ ಬರ್ತೇ ಸಿಗುವುದೆಂಬ ಭರವಸೆಯಿಲ್ಲ. ಅಜ್ಜಿಗೆ ಕೆಳಗಿನ ಬರ್ತು ಮುಖ್ಯವಾದರೆ, ಕಾದಿರಿಸುವಾಗಲೇ ಈ ಸೌಲಭ್ಯ ಬೇಡವೆಂದು ಗುರುತು ಹಾಕುವುದು ಲೇಸು. ತಂಪಾದ ಡಬ್ಬಿಯ ಮೇಲಿನ ಬರ್ತನ್ನು ಹತ್ತಲಾರದವರಿಗೆ ಅದು ಬಡ್ತಿಯಾಗದು, ಶಿಕ್ಷೆಯಾದೀತು.

ಇಲ್ಲಿ ಹಕ್ಕು ಯಾವುದು, ಅನುಗ್ರಹ ಯಾವುದು ಎಂಬುದನ್ನೂ ಬೇರ್ಪಡಿಸಿ ತಿಳಿಯಬೇಕು. ಮೇಲೇರಿಸುವುದು ಸಂಸ್ಥೆಯ ಅನುಗ್ರಹ. ಆದರೆ ಮೇಲ್ದರ್ಜೆಗೆ ಹಣ ತೆತ್ತವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಕೆಳದರ್ಜೆಗೆ ಇಳಿಸಿದರೆ ಪರಿಹಾರ ಪಡೆಯುವುದು ಪ್ರಯಾಣಿಕರ ಹಕ್ಕು. ದೇಶದೊಳಗಿನ ಪ್ರಯಾಣವಾದರೆ ತೆರಿಗೆಯೂ ಸೇರಿ ಟಿಕೇಟಿನ ಬೆಲೆಯ ಶೇಕಡ 75ರಷ್ಟನ್ನು ಹಿಂದಿರುಗಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2023ರಲ್ಲಿ ನಿಯಮ ಮಾಡಿದೆ.

ಆದುದರಿಂದ ದೂರದಲ್ಲಿರುವ ಮಕ್ಕಳಿಗೆ ನಮ್ಮ ಬಿನ್ನಹ ಇಷ್ಟೆ. ತಾಯಿಯ ಕಾಲಿಗೆ ನಿಜವಾಗಿಯೂ ವಿಸ್ತಾರವಾದ ಸ್ಥಳ ಬೇಕಾದರೆ, ಶಕ್ತಿಯಿದ್ದಲ್ಲಿ ಮೊದಲೇ ಹಣ ಕೊಟ್ಟು ಅದನ್ನು ಕೊಳ್ಳಿರಿ. ಆಗದಿದ್ದರೆ ಓಣಿಯ ಪಕ್ಕದ ಆಸನವನ್ನಾದರೂ ಕಾದಿರಿಸಿರಿ. ಗಾಲಿಕುರ್ಚಿ ಬೇಕಿದ್ದಲ್ಲಿ 48 ಗಂಟೆಗಳ ಮೊದಲೇ ಸಂಸ್ಥೆಗೆ ತಿಳಿಸಿರಿ. ಭಾಷೆ ತಿಳಿಯದ ಕೌಂಟರಿನ ಮುಂದೆ, ಹಿಂದಿನವರ ಅವಸರದ ನಡುವೆ, 225ರಲ್ಲೊಂದಕ್ಕಿಂತಲೂ ಕಡಿಮೆಯಾದ ಆಸೆಗಾಗಿ ವೃದ್ಧರು ಬೇಡಿ ನಿಲ್ಲುವಂತೆ ಮಾಡಬೇಡಿರಿ. ಕೇಳದೆಯೇ ದೊಡ್ಡ ಆಸನ ಒದಗಿದರೆ ಅವರು ಸಂತೋಷದಿಂದ ಕುಳಿತು ಬರಲಿ. ಒದಗದಿದ್ದರೂ ಅವರ ಪ್ರಯಾಣಕ್ಕೆ ಕೊರತೆಯಾಗದಂತೆ ಏರ್ಪಾಡು ಮೊದಲೇ ಆಗಿರಲಿ.