ಭಟ್ಟಿಗೆ ಚಕ್ರ ಹಾಕಿಸಿ, ಹುಡುಗರ ಬೆನ್ನು ಉಳಿಸಿ



ಗಿರಾಕಿ ಕೂರುವ ಹಾಲ್‌ಗೆ ನಾವು ಲಕ್ಷಗಟ್ಟಲೆ ಸುರಿಯುತ್ತೇವೆ. ತಂದೂರ್ ಭಟ್ಟಿ ಸಾಗಿಸುವ ಮಾತು ಬಂದಾಗ ಮಾತ್ರ "ನಾಲ್ಕು ಜನ ಹುಡುಗರಿದ್ದಾರಲ್ಲ, ಎತ್ತುತ್ತಾರೆ" ಎಂದುಬಿಡುತ್ತೇವೆ. ನಾನೂ ಹಾಗೆಯೇ ಇದ್ದೆ. ಠಾಣೆಯಲ್ಲಿ ಒಂದು ಮದುವೆ ಆರ್ಡರಿನ ದಿನ, ಗೇಟಿನಿಂದ ಅಡುಗೆ ಜಾಗಕ್ಕೆ ಭಟ್ಟಿ ಹೊತ್ತೊಯ್ಯುವಾಗ ಒಬ್ಬನ ಕೈ ಜಾರಿತು. ಭಟ್ಟಿ ನಮ್ಮ ಹಳೆಯ ಹುಡುಗನ ಪಾದದ ಮೇಲೆ ಕೂತಿತು. ಒಳಗಿನ ಮಣ್ಣಿನ ಗಡಿಗೆ ಬಿರುಕುಬಿಟ್ಟಿತು. ಗಡಿಗೆ ಹೊಸದು ಸಿಕ್ಕಿತು, ಅವನ ಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಭಟ್ಟಿಯ ಭಾರವಿರುವುದು ದಪ್ಪ ಗಡಿಗೆಯಲ್ಲಿ ಮತ್ತು ಶಾಖ ಹಿಡಿಯಲು ಅದರ ಸುತ್ತ ತುಂಬಿದ ಪದಾರ್ಥದಲ್ಲಿ. ಅದನ್ನು ಕಡಿಮೆ ಮಾಡಿದರೆ ರೊಟ್ಟಿ ಕೆಡುತ್ತದೆ. ಆದ್ದರಿಂದ ಭಾರ ಇಳಿಸಲು ಹೋಗಬೇಡಿ, ಚಕ್ರದ ಮೇಲೆ ಕೂರಿಸಿ.

ಆದರೆ ಡ್ರಮ್ಮಿನ ತಳಕ್ಕೇ ಚಕ್ರ ವೆಲ್ಡ್ ಮಾಡಿಸಬೇಡಿ. ತೆಳು ತಗಡು ಹರಿಯುತ್ತದೆ. ಭಟ್ಟಿಯ ಬಾಯಿ ಎತ್ತರವಾಗಿ ರೊಟ್ಟಿ ಹಾಕುವವನ ಕೈ ಸುಡುತ್ತದೆ. ಡ್ರಮ್ಮಿಗಿಂತ ಅಗಲವಾದ ಆಂಗಲ್ ಫ್ರೇಮ್ ಮಾಡಿಸಿ, ಚಕ್ರಗಳು ಹೊರಮೂಲೆಗಳಲ್ಲಿರಲಿ, ಭಟ್ಟಿ ನಡುವೆ ತಗ್ಗಿನಲ್ಲಿ ಕೂರಲಿ. ಆಗ ಬುಡ ಅಗಲವಾಗಿ ಮಗುಚುವ ಭಯವೂ ಕಡಿಮೆ. ಎರಡು ಚಕ್ರ ನೇರ ಓಡುವಂಥವು, ಎರಡು ತಿರುಗುವಂಥವು. ತಿರುಗುವ ಚಕ್ರಗಳಿಗೆ ಬ್ರೇಕ್ ಇರಲೇಬೇಕು. ಸಣ್ಣ ಚಕ್ರ ಹೊಸ್ತಿಲಲ್ಲಿ, ಟೈಲ್ಸ್ ಸಂದಿನಲ್ಲಿ ಸಿಕ್ಕಿಬೀಳುತ್ತದೆ. ಆರು ಇಂಚಾದರೂ ಇರಲಿ. ಬಿಸಿ ತಾಗುವ ಕಡೆ ರಬ್ಬರ್ ಚಕ್ರ ಬೇಡ.

ಚಕ್ರ ಕೊಳ್ಳುವಾಗ ಭಾರವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ಸಮವಿಲ್ಲದ ನೆಲದಲ್ಲಿ ಭಾರವೆಲ್ಲ ಮೂರೇ ಚಕ್ರದ ಮೇಲೆ ಬೀಳುತ್ತದೆ. 200 ಕಿಲೋ ಭಟ್ಟಿಗೆ ತಲಾ 70 ಕಿಲೋ ತಾಳುವ ಚಕ್ರ ಕನಿಷ್ಠ ಬೇಕು.

ಚಕ್ರ ಬಂದಿತೆಂದು ಎಚ್ಚರ ತಪ್ಪಬಾರದು. ಬಿಸಿ ಭಟ್ಟಿಯನ್ನು ಸರಿಸಕೂಡದು. ಗ್ಯಾಸ್ ಭಟ್ಟಿಯಾದರೆ ಸಿಲಿಂಡರ್ ಬಂದ್ ಮಾಡಿ, ಪೈಪ್ ಬಿಚ್ಚಿದ ಮೇಲೆಯೇ ತಳ್ಳಬೇಕು. ಮತ್ತೆ ಜೋಡಿಸಿದಾಗ ಸೋಪು ನೀರು ಹಚ್ಚಿ ಸೋರಿಕೆ ನೋಡಬೇಕು.

ಬಾಂಬೆ ಹೈಕೋರ್ಟಿನ 2025ರ ಜನವರಿ ಆದೇಶದ ನಂತರ ಮುಂಬಯಿ ಪಾಲಿಕೆ ಇದ್ದಿಲು ತಂದೂರ್ ಬದಲಿಸುವಂತೆ ಹೋಟೆಲುಗಳಿಗೆ ನೋಟಿಸ್ ಕೊಟ್ಟಿತು. ಹೊಸ ಭಟ್ಟಿ ತಂದ ನಮ್ಮಲ್ಲಿ ಎಷ್ಟು ಮಂದಿ ಅದಕ್ಕೆ ಚಕ್ರವನ್ನೂ ಕೇಳಿದೆವು? ನಾನಂತೂ ಪೆಟ್ಟು ತಿಂದ ಮೇಲೆ ಕಲಿತೆ. ಈಗ ಇಬ್ಬರೇ ತಳ್ಳುತ್ತಾರೆ, ಅಡಿಭಾಗ ದಿನಾ ತೊಳೆಯಲೂ ಆಗುತ್ತದೆ.

ಊರಿನಿಂದ ನಮ್ಮನ್ನು ನಂಬಿ ಬಂದ ಹುಡುಗರು ಇವರು. ನಮ್ಮಲ್ಲಿ ಹಲವರು ಹಾಗೆಯೇ ಬಂದು ಗ್ಲಾಸು ತೊಳೆದವರಲ್ಲವೇ? ಈ ವಾರವೇ ಫ್ಯಾಬ್ರಿಕೇಶನ್‌ನವನನ್ನು ಕರೆಸಿ, ಅಳತೆ ಕೊಡಿ.