ಪಕ್ಷದ ಯಜಮಾನಿಕೆಯೂ ನಮ್ಮ ಕೆರೆಯ ನೀರೂ

ಒಕ್ಕಲುತನದ ಪುಟದಲ್ಲಿ ರಾಜಕೀಯ ಪಕ್ಷಗಳ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ಬಿತ್ತನೆ, ಗೊಬ್ಬರ, ದನಗಳ ಕಾಲುಬಾಯಿ ಜ್ವರ ಇವುಗಳಿಗೆ ಮೀಸಲಾದ ಜಾಗವನ್ನು ಪಕ್ಷಗಳ ಗದ್ದಲಕ್ಕೆ ಬಿಟ್ಟುಕೊಡುವುದು ಸರಿಯಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮ ಸೋಮನೂರಿನ ಸುತ್ತಣ ಬೆದ್ದಲು ನೆಲದಲ್ಲಿ ಜೋಳ ಹಾಕುವವನನ್ನಾಗಲಿ, ಕೊಳವೆಬಾವಿ ನಂಬಿ ತೆಂಗು ಇಟ್ಟವನನ್ನಾಗಲಿ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಓಡಿಸುವವನನ್ನಾಗಲಿ ನಿಲ್ಲಿಸಿ ಕೇಳಿರಿ. ನೀರು, ಕರೆಂಟು, ಕೂಲಿ ಎಂಬ ಮೂರೇ ಮಾತು ಬರುತ್ತವೆ. ಈ ಮೂರೂ ಕೊನೆಗೆ ಚೆನ್ನೈಗೆ ಹೋಗಿ ಮುಟ್ಟುತ್ತವೆ. ಅಲ್ಲಿ ತೀರ್ಮಾನ ಮಾಡತಕ್ಕವರು ಯಾರೆಂಬುದು ಪಕ್ಷಗಳ ಒಳಗೆ ನಿಶ್ಚಯವಾಗುತ್ತದೆ. ಹಾಗಾದರೆ ಪಕ್ಷದ ಯಜಮಾನನನ್ನು ಗೊತ್ತುಮಾಡುವವರು ಯಾರು? ಇದು ಒಕ್ಕಲಿಗನಿಗೆ ಸಂಬಂಧಿಸಿದ ಪ್ರಶ್ನೆಯಲ್ಲವೆ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಹೊತ್ತಿಕೊಂಡದ್ದೂ ನೀರಿನ ಸಭೆಯಿಂದಲೇ. ಅತ್ತಿಕ್ಕಡವು-ಅವಿನಾಶಿ ಯೋಜನೆಯ ಕಥೆ ಗಡಿಯಾಚೆಯ ವಾಚಕರಿಗೆ ಅಷ್ಟಾಗಿ ತಿಳಿದಿರಲಾರದು. ಭವಾನಿ ನದಿಯಲ್ಲಿ ಹೆಚ್ಚಾಗಿ ಹರಿದುಹೋಗುವ ನೀರಿನಲ್ಲಿ ಒಂದೂವರೆ ಟಿ.ಎಂ.ಸಿ.ಯಷ್ಟನ್ನು ಕಾಳಿಂಗರಾಯನ್ ಅಣೆಕಟ್ಟಿನ ಕೆಳಗಡೆಯಿಂದ ಪಂಪಿನಿಂದ ಎತ್ತಿ, ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬುವುದೇ ಈ ಯೋಜನೆ. ಇದಕ್ಕಾಗಿ ಜನ ಆರು ದಶಕಗಳ ಕಾಲ ಅರ್ಜಿ ಬರೆದರು, ಉಪವಾಸ ಕುಳಿತರು, ಚುನಾವಣೆ ಬಂದಾಗಲೆಲ್ಲ ಭರವಸೆ ಕೇಳಿದರು. 2019ರಲ್ಲಿ ಅಂದಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿಯವರು ಅಡಿಗಲ್ಲು ಹಾಕಿದರು. 2024ರ ಆಗಸ್ಟ್ 17ರಂದು ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರು ನೀರು ಬಿಟ್ಟರು. ಯಾರಿಗೆ ಎಷ್ಟು ಕೀರ್ತಿ ಸಲ್ಲಬೇಕೆಂಬ ಜಗಳ ಇಂದಿಗೂ ಮುಗಿದಿಲ್ಲ. ಅದನ್ನು ನಾನು ಎತ್ತಿಕೊಳ್ಳುವುದಿಲ್ಲ.

2025ರ ಫೆಬ್ರವರಿಯಲ್ಲಿ ಯೋಜನೆಯ ಹೋರಾಟಗಾರರು ಅಣ್ಣೂರಿನ ಬಳಿ ಪಳನಿಸ್ವಾಮಿಯವರಿಗೆ ಸನ್ಮಾನ ಏರ್ಪಡಿಸಿದರು. ಆ ಸಭೆಗೆ ಗೋಬಿಚೆಟ್ಟಿಪಾಳಯದ ಹಿರಿಯ ಶಾಸಕ ಸೆಂಗೋಟ್ಟೈಯನ್ ಅವರು ಬರಲಿಲ್ಲ. ಆಹ್ವಾನಪತ್ರಿಕೆಯಲ್ಲಿಯೂ ಫಲಕಗಳಲ್ಲಿಯೂ ಎಂ.ಜಿ.ಆರ್. ಮತ್ತು ಜಯಲಲಿತಾ ಅವರ ಚಿತ್ರಗಳಿಲ್ಲ ಎಂಬುದು ಅವರು ಹೇಳಿದ ಕಾರಣ. ಕೆರೆಗೆ ನೀರು ಬಂದ ಸಂತೋಷಕ್ಕೆ ಕೂಡಿದ ಸಭೆ ಅಣ್ಣಾ ಡಿ.ಎಂ.ಕೆ. ಪಕ್ಷದ ಯಜಮಾನಿಕೆಯ ಪಂಚಾಯಿತಿಯಾಯಿತು. ಮುಂದಿನದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೀರಿ. ಸೆಪ್ಟೆಂಬರ್ 5ರಂದು ಅವರು, ಹೊರಹಾಕಿದವರನ್ನೆಲ್ಲ ಹತ್ತು ದಿನಗಳೊಳಗೆ ಸೇರಿಸಿಕೊಳ್ಳುವ ಕೆಲಸ ಆರಂಭವಾಗಬೇಕೆಂದು ಗಡುವು ಕೊಟ್ಟರು. ಮರುದಿನವೇ ಪಕ್ಷದ ಹುದ್ದೆಗಳು ಹೋದವು. ಅಕ್ಟೋಬರ್ 31ರಂದು ಸದಸ್ಯತ್ವವೂ ಹೋಯಿತು. ನವೆಂಬರ್ ತಿಂಗಳಲ್ಲಿ ಶಾಸಕ ಸ್ಥಾನವನ್ನು ಬಿಟ್ಟು ವಿಜಯ್ ಅವರ ಹೊಸ ಪಕ್ಷವನ್ನು ಸೇರಿದರು.

ಆ ತಿಂಗಳುಗಳಲ್ಲಿ ಸೋಮನೂರಿನ ಚಹದಂಗಡಿಗಳಲ್ಲಿಯೂ ಮಗ್ಗದ ಕೊಟ್ಟಿಗೆಗಳಲ್ಲಿಯೂ ಇದೇ ಮಾತು. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಉಪಾಧ್ಯಾಯನಿಗೆ ಅದು ಒಪ್ಪುವುದೂ ಅಲ್ಲ. ಆದರೆ ಕಿವಿ ಮುಚ್ಚಿಕೊಂಡು ಚಹ ಕುಡಿಯುವುದು ಸಾಧ್ಯವಿಲ್ಲ. ಗೋಡೆಗೆ ಬಣ್ಣ ಬಳಿದು, ಬಾವುಟ ಕಟ್ಟಿ, ಮತಗಟ್ಟೆಯ ಮುಂದೆ ದಿನವಿಡೀ ನಿಲ್ಲುವ ಕಾರ್ಯಕರ್ತರು ಮೂರು ಪಂಗಡವಾಗಿ ವಾದಿಸುತ್ತಿದ್ದರು. ನಮ್ಮ ಕೊಂಗು ನಾಡಿನವರೊಬ್ಬರು ಮೇಲೆ ಕುಳಿತಿರುವಾಗ ಏಕೆ ಅಲುಗಿಸಬೇಕು ಎಂಬುದು ಒಂದು ಪಂಗಡದ ವಾದ. ಪನ್ನೀರ್‌ಸೆಲ್ವಂ, ದಿನಕರನ್, ಶಶಿಕಲಾ ಎಲ್ಲರೂ ಒಂದಾಗದೆ ಗೆಲ್ಲುವುದು ಎಂದಿಗೆ ಎಂದು ಇನ್ನೊಂದು ಪಂಗಡ ಕೇಳುತ್ತಿತ್ತು. 2021ರಲ್ಲಿ ಈ ಕೂಟಕ್ಕೆ ಕೊಯಮತ್ತೂರು ಜಿಲ್ಲೆಯ ಹತ್ತಕ್ಕೆ ಹತ್ತು ವಿಧಾನಸಭಾ ಸ್ಥಾನಗಳನ್ನೂ ಕೊಟ್ಟ ಜನ, 2024ರ ಲೋಕಸಭಾ ಚುನಾವಣೆಯಲ್ಲಿ ಕೊಯಮತ್ತೂರಿನಲ್ಲಿ ಅಣ್ಣಾ ಡಿ.ಎಂ.ಕೆ.ಯನ್ನು ಮೂರನೆಯ ಸ್ಥಾನಕ್ಕೆ ಇಳಿಸಿದ್ದರು. ಆದುದರಿಂದ ಈ ಪ್ರಶ್ನೆಯಲ್ಲಿ ಹುರುಳಿರಲಿಲ್ಲವೆನ್ನುವಂತಿಲ್ಲ. ಮೂರನೆಯವರು ಹುಡುಗರು, ಅವರು ಫೋನು ನೋಡುತ್ತ ನಗುತ್ತಿದ್ದರು.

ಈ ವಾದದ ನಡುವೆ ನೂಲಿನ ಚೀಲ ಹೊತ್ತು ತಂದ ಮುದುಕರೊಬ್ಬರು ಹೇಳಿದ ಮಾತು ನನ್ನ ಮನಸ್ಸಿಗೆ ನಾಟಿತು. “ಯಾರಾದ್ರೇನಪ್ಪಾ, ನಮ್ಮನ್ನ ಕೇಳಿದ್ರಾ?” ಎಂದರು. ಮೂರು ಪಂಗಡವೂ ಸುಮ್ಮನಾಯಿತು.

ಕೇಳಬೇಕಾಗಿತ್ತು ಎಂಬುದೇ ಇಲ್ಲಿಯ ವಿಚಿತ್ರ. 1972ರಲ್ಲಿ ಎಂ.ಜಿ.ಆರ್. ಅವರು ಪಕ್ಷವನ್ನು ಕಟ್ಟಿದಾಗ, ಪ್ರಧಾನ ಕಾರ್ಯದರ್ಶಿಯನ್ನು ಚೀಟಿ ಹಿಡಿದ ಎಲ್ಲ ಸದಸ್ಯರೂ ಸೇರಿ ಆರಿಸಬೇಕೆಂದು ನಿಯಮ ಮಾಡಿದರು. ಒಳ್ಳೆಯ ನಿಯಮ. ಜಯಲಲಿತಾ ಅವರು 2016ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ, 2017ರಲ್ಲಿ ಆ ಹುದ್ದೆಯನ್ನೇ ತೆಗೆದು ಇಬ್ಬರು ಸಂಯೋಜಕರ ಏರ್ಪಾಡು ಮಾಡಿದರು. ಒಂದು ನೊಗಕ್ಕೆ ಎರಡು ಎತ್ತು ಬೇಕು ನಿಜ. ಆದರೆ ಒಂದು ಬಂಡಿಗೆ ಇಬ್ಬರು ಹೊಡೆಯುವವರು ಕುಳಿತರೆ ಬಂಡಿ ಹಳ್ಳಕ್ಕೇ ಸರಿ. ಆ ಏರ್ಪಾಡು ಮುರಿದುದಕ್ಕೆ ನಾನು ಮರುಗುವುದಿಲ್ಲ. ಮುರಿದ ಬಗೆಯನ್ನು ನೋಡಿರಿ. 2022ರ ಜುಲೈ 11ರಂದು ಸುಮಾರು 2,600 ಜನ ಸದಸ್ಯರುಳ್ಳ ಮಹಾಸಭೆ ಸೇರಿ ಪಳನಿಸ್ವಾಮಿಯವರನ್ನು ಹಂಗಾಮಿ ಪ್ರಧಾನ ಕಾರ್ಯದರ್ಶಿಯನ್ನಾಗಿ ಮಾಡಿತು, ಪನ್ನೀರ್‌ಸೆಲ್ವಂ ಅವರನ್ನು ಹೊರಹಾಕಿತು. ಮುಂದೆ ಆ ಹುದ್ದೆಗೆ ನಿಲ್ಲತಕ್ಕವನು ಹತ್ತು ವರ್ಷ ಸದಸ್ಯನಾಗಿರಬೇಕು, ಐದು ವರ್ಷ ಕೇಂದ್ರ ಕಚೇರಿಯ ಹುದ್ದೆಯಲ್ಲಿರಬೇಕು, ಹತ್ತು ಜಿಲ್ಲಾ ಕಾರ್ಯದರ್ಶಿಗಳು ಸೂಚಿಸಬೇಕು, ಹತ್ತು ಜನ ಅನುಮೋದಿಸಬೇಕು ಎಂದು ವಿಧಿಸಿತು. ಮಹಾಸಭೆಯನ್ನು ಸುಪ್ರೀಂ ಕೋರ್ಟು 2023ರ ಫೆಬ್ರವರಿ 23ರಂದು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಚುನಾವಣೆ ಎಂದು ಸಾರಿದರು. ಒಬ್ಬರೇ ನಾಮಪತ್ರ ಕೊಟ್ಟರು. 28ರಂದು ಅವಿರೋಧವೆಂದು ಪ್ರಕಟವಾಯಿತು. ಸದಸ್ಯರ ಓಟು ನಿಯಮದ ಪುಸ್ತಕದಲ್ಲಿ ಭದ್ರವಾಗಿ ಉಳಿಯಿತು. ಹಾಕುವ ಸಂದರ್ಭ ಬರಲಿಲ್ಲ.

ಇದು ಕಾನೂನಿಗೆ ಸರಿಯೆಂದು ನ್ಯಾಯಾಲಯ ಹೇಳಿದ ಮೇಲೆ ನಾನು ತಕರಾರು ಮಾಡುವವನಲ್ಲ. ಹತ್ತು ಜಿಲ್ಲಾ ಕಾರ್ಯದರ್ಶಿಗಳ ಬಾಗಿಲು ತಟ್ಟದೆ ಒಬ್ಬನು ನಿಲ್ಲುವಂತೆಯೇ ಇಲ್ಲವೆಂದ ಮೇಲೆ, ಇಲ್ಲಿ ‘ಕಿಳೈ’ ಎಂದು ಕರೆಯುವ ಊರ ಶಾಖೆಯ ಕಾರ್ಯದರ್ಶಿಗೆ ಏನು ಉಳಿಯಿತು ಎಂದಷ್ಟೇ ಕೇಳುತ್ತೇನೆ. ಅವನ ಪಾಲಿಗೆ ಬಾವುಟದ ಕೋಲು ಉಳಿಯಿತು.

ಇತರರ ಮನೆ ಇದಕ್ಕಿಂತ ಹಸನಾಗಿದೆಯೆಂದು ತಿಳಿಯಬೇಡಿ. ಡಿ.ಎಂ.ಕೆ.ಯಲ್ಲಿ ಕರುಣಾನಿಧಿಯವರು 1969ರಿಂದ 2018ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷರು. ಆ ವರ್ಷ ಆಗಸ್ಟ್‌ನಲ್ಲಿ ಮಗ ಸ್ಟಾಲಿನ್ ಅವರು ಅವಿರೋಧವಾಗಿ ಬಂದರು. ಭಾರತೀಯ ಜನತಾ ಪಕ್ಷದಲ್ಲಿ 2025ರ ಏಪ್ರಿಲ್‌ನಲ್ಲಿ ಅಣ್ಣಾಮಲೈಯವರ ಸ್ಥಾನಕ್ಕೆ ನೈನಾರ್ ನಾಗೇಂದ್ರನ್ ಒಬ್ಬರದೇ ನಾಮಪತ್ರ. ಅವಿರೋಧವೆಂಬ ಈ ಪದವನ್ನು ನಮ್ಮ ಪತ್ರಿಕೆಗಳು ಹೊಗಳಿಕೆಯಂತೆ ಅಚ್ಚು ಹಾಕುತ್ತವೆ. ಒಂದೇ ತಳಿಯ ಬೀಜ ಇಟ್ಟಿರುವ ಅಂಗಡಿಗೆ ಹೋಗಿ ಬಂದವನು ನಾನು ಆರಿಸಿಕೊಂಡು ಬಂದೆನೆಂದು ಹೇಳಿದರೆ ನಾವು ನಗುವುದಿಲ್ಲವೆ?

ಹಿಂದೆಲ್ಲ ಹೀಗಿರಲಿಲ್ಲ. 1940ರಲ್ಲಿ ತಮಿಳುನಾಡು ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಗೆ ನಮ್ಮ ಕೊಯಮತ್ತೂರಿನ ಸಿ.ಪಿ. ಸುಬ್ಬಯ್ಯನವರೂ ವಿರುದುನಗರದ ಕಾಮರಾಜರೂ ನಿಂತರು. ಸುಬ್ಬಯ್ಯನವರ ಬೆನ್ನಿಗೆ ರಾಜಾಜಿ, ಕಾಮರಾಜರ ಬೆನ್ನಿಗೆ ಸತ್ಯಮೂರ್ತಿ. ಎಣಿಸಿ ನೋಡಿದಾಗ ಕಾಮರಾಜರಿಗೆ 103, ಸುಬ್ಬಯ್ಯನವರಿಗೆ 100. ಮೂರೇ ಓಟು! ಓಟು ಹಾಕಿದವರು ಪ್ರಾಂತ ಸಮಿತಿಯ ಸದಸ್ಯರೇ ಹೊರತು ಹಳ್ಳಿಯ ನಾಲ್ಕಾಣೆ ಸದಸ್ಯನಲ್ಲ ಎಂಬುದು ನಿಜ. ಆದರೂ ಎರಡು ಹೆಸರಿದ್ದವು, ಪೆಟ್ಟಿಗೆ ಇತ್ತು, ಎಣಿಕೆ ನಡೆಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ ಸತ್ಯಮೂರ್ತಿ ಅಧ್ಯಕ್ಷರಾಗಿದ್ದಾಗ ಕಾಮರಾಜರು ಕಾರ್ಯದರ್ಶಿ. ಈಗ ಕಾಮರಾಜರು ಅಧ್ಯಕ್ಷರಾದಾಗ ಸತ್ಯಮೂರ್ತಿಯವರೇ ಕಾರ್ಯದರ್ಶಿಯಾಗಿ ಕುಳಿತರು. ಗುರು ಶಿಷ್ಯನ ಕೈಕೆಳಗೆ ಕೆಲಸ ಮಾಡಿದುದನ್ನು ನಾನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ.

1954ರ ಸಂಗತಿ ಇನ್ನೂ ಹತ್ತಿರದ್ದು. ಕೊಳ್ಳೇಗಾಲ ತಾಲ್ಲೂಕು ಆಗ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. 1956ರಲ್ಲಿ ಮೈಸೂರಿಗೆ ಹೋಯಿತು. ಮದರಾಸಿನ ಮುಖ್ಯಮಂತ್ರಿ ರಾಜಾಜಿಯವರು 1953ರಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಗು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿರಬೇಕು. ಉಳಿದ ಹೊತ್ತು ತಂದೆಯ ಕಸುಬನ್ನು ಕಲಿಯಬೇಕು. ಕಟ್ಟಡವೂ ಉಪಾಧ್ಯಾಯರೂ ಸಾಲದೆ ಇದ್ದುದರಿಂದ, ಎರಡು ಸರತಿ ಮಾಡಿದರೆ ಇಮ್ಮಡಿ ಮಕ್ಕಳು ಓದಬಹುದೆಂಬುದು ಅವರ ಲೆಕ್ಕ. ತರಬೇತಿ ಶಾಲೆಯಲ್ಲಿ ನಮಗೆ ಇದನ್ನು ಒಂದು ಪ್ಯಾರಾದಲ್ಲಿ ಮುಗಿಸಿದ್ದರು. ಆದರೆ ದೇವಾಂಗರ ಬೀದಿಯಲ್ಲಿ ನಿಂತು ಯೋಚಿಸಿರಿ. ಮೂರು ಗಂಟೆ ಮುಗಿಸಿ ಬಂದ ಹುಡುಗ ಕಂಡಿಕೆ ಸುತ್ತಲು ಕೂಡುತ್ತಾನೆ, ಒಕ್ಕಲಿಗರ ಹುಡುಗ ದನದ ಹಿಂದೆ ಹೋಗುತ್ತಾನೆ. ವಕೀಲನ ಮಗ ಎಲ್ಲಿಗೆ ಹೋಗುತ್ತಾನೆ? ಕುಲಕಸುಬಿನ ಶಿಕ್ಷಣವೆಂದು ಜನ ಅದನ್ನು ಕರೆದರು, ಊರೂರಲ್ಲಿ ವಿರೋಧ ಎದ್ದಿತು, ಕಾಂಗ್ರೆಸ್ಸಿನ ಒಳಗೇ ಬಿರುಕು ಬಿಟ್ಟಿತು, ರಾಜಾಜಿಯವರು ಇಳಿದರು.

ಅವರ ಜಾಗಕ್ಕೆ ಯಾರೆಂದು ಶಾಸಕರು ಓಟು ಹಾಕಿದರು. ಒಂದು ಕಡೆ ಕಾಮರಾಜರು, ಇನ್ನೊಂದು ಕಡೆ ಪೊಳ್ಳಾಚಿ ಸೀಮೆಯ ಒಕ್ಕಲು ಮನೆತನದ ಸಿ. ಸುಬ್ರಹ್ಮಣ್ಯಂ. ಕಾಮರಾಜರಿಗೆ 93, ಸುಬ್ರಹ್ಮಣ್ಯಂ ಅವರಿಗೆ 41. ಎರಡನೆಯ ಸಲವೂ ನಮ್ಮ ಜಿಲ್ಲೆಯವರು ಸೋತರು! ಗೆದ್ದವರು ಸೋತವರನ್ನು ಹೊರಗೆ ನೂಕಲಿಲ್ಲ. ಸುಬ್ರಹ್ಮಣ್ಯಂ ಅವರನ್ನೂ, ಅವರ ಹೆಸರನ್ನು ಸೂಚಿಸಿದ ಭಕ್ತವತ್ಸಲಂ ಅವರನ್ನೂ ಮಂತ್ರಿಮಂಡಲದಲ್ಲಿ ಕೂರಿಸಿಕೊಂಡರು. ಆ ವರ್ಷ ಮೇ ತಿಂಗಳಲ್ಲಿ ಶಾಲೆಯ ಯೋಜನೆಯನ್ನು ಕೈಬಿಟ್ಟುದಾಗಿ ಸಭೆಯಲ್ಲಿ ತಿಳಿಸಿದವರು ಶಿಕ್ಷಣ ಮಂತ್ರಿ ಸುಬ್ರಹ್ಮಣ್ಯಂ ಅವರೇ.

ಅಂದು ಅವರು ಮುನಿಸಿಕೊಂಡು ಹೋಗಿದ್ದರೆ, ಅಥವಾ ಹೊರಗೆ ಅಟ್ಟಲ್ಪಟ್ಟಿದ್ದರೆ ನಮಗೆ ನಷ್ಟವೇನಾಗುತ್ತಿತ್ತು? ಪರಂಬಿಕ್ಕುಳಂ-ಆಳಿಯಾರ್ ಯೋಜನೆಯ ಹಿಂದೆ ಬಿದ್ದು ನಡೆಸಿದವರಲ್ಲಿ ಅವರು ಮುಖ್ಯರು. ನೆಹರೂ ಅವರು 1961ರಲ್ಲಿ ಅಡಿಗಲ್ಲು ಹಾಕಿದ ಆ ಕಾಲುವೆಯ ನೀರು ಇಂದಿಗೂ ವಲಯ ವಲಯವಾಗಿ ಸರತಿಯ ಮೇಲೆ ಪಲ್ಲಡಂ, ಉಡುಮಲೆ ಕಡೆಯ ಹೊಲಗಳಿಗೆ ಹೋಗುತ್ತದೆ. 1964ರಲ್ಲಿ ಅವರು ದಿಲ್ಲಿಯಲ್ಲಿ ಆಹಾರ ಮತ್ತು ವ್ಯವಸಾಯ ಮಂತ್ರಿಯಾದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿದುದು ಅವರ ಕಾಲದಲ್ಲಿಯೇ. ನಮ್ಮ ಭಾಗದಲ್ಲಿ ಗೋಧಿ ಬೆಳೆಯುವುದಿಲ್ಲ. ಪಡಿತರದ ಅಂಗಡಿಯಲ್ಲಿ ಚೀಲ ಹಿಡಿದು ನಿಲ್ಲುವ ನಾವು ಅದನ್ನು ಮರೆಯಬಾರದು. 41 ಓಟು ಪಡೆದು ಸೋತವನಿಂದ ಇಷ್ಟು ಕೆಲಸ ಆಯಿತು. ಎಣಿಕೆಯಾದ ಸೋಲು ಮಾನಭಂಗವಲ್ಲ. ಎಷ್ಟು ಜನ ತನ್ನ ಕಡೆ ಇದ್ದಾರೆಂದು ಸೋತವನಿಗೂ ಗೆದ್ದವನಿಗೂ ತಿಳಿದಿರುತ್ತದೆ. ಎಣಿಸದೆ ಅಟ್ಟಿಸಿಕೊಂಡವನು ತನ್ನ ಹಿಂದೆ ಲಕ್ಷ ಜನ ಇದ್ದಾರೆಂದು ಹೇಳುತ್ತಾನೆ, ಅಟ್ಟಿದವನು ಹತ್ತು ಜನವೂ ಇಲ್ಲವೆನ್ನುತ್ತಾನೆ. ನಮ್ಮ ಕೊಂಗು ಸೀಮೆಯಲ್ಲಿ 2025ರಲ್ಲಿ ಕಂಡುದು ಈ ಎರಡನೆಯದು.

ರೈತರ ಸಂಘಗಳು ಈ ವಿಷಯದಲ್ಲಿ ಪಕ್ಷಗಳಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿವೆಯೆ? ಇಲ್ಲ. ಇದೇ ಜಿಲ್ಲೆಯ ನಾರಾಯಣಸ್ವಾಮಿ ನಾಯ್ಡು ಅವರು 1970ರ ದಶಕದಲ್ಲಿ ಕರೆಂಟಿನ ದರ ಇಳಿಸಬೇಕೆಂದು ಎತ್ತಿನ ಬಂಡಿಗಳನ್ನು ಕೊಯಮತ್ತೂರಿನ ಬೀದಿಗೆ ತಂದು ನಿಲ್ಲಿಸಿದವರು. 1984ರಲ್ಲಿ ಅವರು ತೀರಿಕೊಂಡ ಮೇಲೆ ಸಂಘ ಹೋಳುಹೋಳಾಯಿತು. ಕರ್ನಾಟಕದಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರು 2004ರಲ್ಲಿ ಹೋದ ಮೇಲೆ ಹಸಿರು ಶಾಲು ಎಷ್ಟು ಬಣಗಳ ಹೆಗಲೇರಿತೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಇಬ್ಬರೂ ದೊಡ್ಡವರು. ಆದರೆ ತಮ್ಮ ತರುವಾಯ ಯಾರೆಂಬುದನ್ನು ಸದಸ್ಯರು ಓಟಿನಿಂದ ತೀರ್ಮಾನಿಸುವ ಅಭ್ಯಾಸವನ್ನು ಸಂಘಕ್ಕೆ ಹಚ್ಚಿಕೊಡಲಿಲ್ಲ.

ಸದಸ್ಯರ ಓಟೆಂದರೆ ದುಡ್ಡಿನ ಆಟವಾಗುತ್ತದೆ, ಸುಳ್ಳು ಚೀಟಿಗಳು ತುಂಬುತ್ತವೆ ಎಂದು ತಿಳಿದವರು ಹೇಳುತ್ತಾರೆ. ಇದು ಬರಿಯ ನೆಪವಲ್ಲ. ಸಹಕಾರ ಸಂಘದ ಚುನಾವಣೆಯನ್ನು ಕಂಡ ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಗದ್ದೆಯಲ್ಲಿ ಕಳೆಯಿದೆಯೆಂದು ಬಿತ್ತುವುದನ್ನೇ ಬಿಟ್ಟವರುಂಟೆ? ಶಾಖೆಯ ಸದಸ್ಯರ ಪಟ್ಟಿಯನ್ನು ಊರಿನಲ್ಲಿ ಎಲ್ಲರೂ ಓದುವಂತೆ ಗೋಡೆಗೆ ಅಂಟಿಸಲಿ. ನಮ್ಮ ಬೀದಿಯಲ್ಲಿ ಸತ್ತವರಾರು, ತಿರುಪ್ಪೂರಿಗೆ ಬನಿಯನ್ ಕೆಲಸಕ್ಕೆ ಹೋಗಿ ಅಲ್ಲೇ ನೆಲಸಿದವರಾರು ಎಂಬುದು ಪಕ್ಷದ ಕಚೇರಿಗಿಂತ ಚಹದಂಗಡಿಯವನಿಗೆ ಚೆನ್ನಾಗಿ ಗೊತ್ತು. ಹತ್ತು ಜಿಲ್ಲಾ ಕಾರ್ಯದರ್ಶಿಗಳ ಬದಲು ಇಂತಿಷ್ಟು ಶಾಖೆಗಳು ಸೂಚಿಸಿದರೆ ನಿಲ್ಲಬಹುದೆಂದು ನಿಯಮವಾಗಲಿ.

ಹಾಗೆ ನಿಂತವರು ಸೋಮನೂರಿಗೆ ಬಂದರೆ ಕೇಳಬೇಕಾದುದು ಬೇಕಾದಷ್ಟಿದೆ. ಕೂಲಿಗೆ ನೇಯುವ ಮಗ್ಗದವರು 2022ರ ಜನವರಿಯಲ್ಲಿಯೂ 2025ರ ಮಾರ್ಚಿಯಲ್ಲಿಯೂ ಮಗ್ಗ ನಿಲ್ಲಿಸಿ ಕುಳಿತರು. ಮಾತುಕತೆಯಲ್ಲಿ ಒಪ್ಪಿದ ಕೂಲಿಯನ್ನು ವ್ಯಾಪಾರಿಗಳು ಕೊಡದಿದ್ದರೆ ಕಾನೂನಿನ ಕಟ್ಟುಪಾಡು ಏನು? ಎರಡು ಜಿಲ್ಲೆಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಮಗ್ಗಗಳಿರುವಾಗ ಇದು ಒಂದು ಬೀದಿಯ ಪ್ರಶ್ನೆಯಲ್ಲ. ಅತ್ತಿಕ್ಕಡವು ನೀರು ಪಂಪಿನಿಂದ ಬರುವ ನೀರು. ಭವಾನಿಯಲ್ಲಿ ಹೆಚ್ಚು ನೀರಿಲ್ಲದ ವರ್ಷ ಯಾವ ಕೆರೆಗೆ ಮೊದಲು, ಯಾವುದಕ್ಕೆ ಕೊನೆಗೆ? ಕೊಳವೆ ಒಡೆದರೆ ಯಾವ ಕಚೇರಿಯವರು, ಎಷ್ಟು ದಿನದೊಳಗೆ ಬರುತ್ತಾರೆ? ಯೋಜನೆಯಲ್ಲಿ ಸೇರದೆ ಬಿಟ್ಟುಹೋದ ಕುಂಟೆಗಳ ಗತಿಯೇನು? ಇವುಗಳಿಗೆ ಉತ್ತರ ಕೊಟ್ಟವನು ಕೊಂಗಿನವನಾದರೇನು, ಮಧುರೆಯವನಾದರೇನು.

ಪಕ್ಷದ ಚೀಟಿ ಹಿಡಿದ ಒಕ್ಕಲಿಗ ಬಂಧುಗಳು, ನೇಕಾರ ಬಂಧುಗಳು ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ತಮ್ಮ ಶಾಖೆಯ ಕಾರ್ಯದರ್ಶಿಗೆ ಕೊಡಲಿ, ಪ್ರತಿಯೊಂದನ್ನು ಇಟ್ಟುಕೊಳ್ಳಲಿ. ಸದಸ್ಯತ್ವ ನವೀಕರಿಸುವವರು ಮನೆಗೆ ಬಂದಾಗ ಸಹಿ ಹಾಕುವ ಮುಂಚೆ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ, ತಮ್ಮ ಓಟು ಎಂದು ಎಲ್ಲಿ ಎಂದು ಕೇಳಲಿ. ಆ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದುಕೊಡಬೇಕೆಂದರೆ ಶಾಲೆ ಬಿಟ್ಟ ಮೇಲೆ ನಾನು ಸಿಗುತ್ತೇನೆ. ಶನಿವಾರ ಮಾತ್ರ ಹೊಲದಲ್ಲಿರುತ್ತೇನೆ.