ದೀಪ ಉರಿದರೂ ಕಾರು ಹೊರಡದು!

ಜಯನಗರದ ಮರದಡಿ ಹದಿನೈದು ದಿನ ನಿಂತ ಕಾರು. ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದು, ಅಷ್ಟೇ. ಹೆಡ್‌ಲೈಟ್ ಮಾತ್ರ ಚೆನ್ನಾಗಿಯೇ ಉರಿಯುತ್ತದೆ. 'ಬ್ಯಾಟರಿ ಸರಿಯಿದೆ, ಸ್ಟಾರ್ಟರ್ ಹೋಗಿದೆ' ಎಂದು ತೀರ್ಪು ಕೊಡುವವರೇ ಹೆಚ್ಚು. ಜೆ.ಸಿ. ರಸ್ತೆಗೆ ಓಡುವ ಮುನ್ನ ಹತ್ತನೆಯ ತರಗತಿಯ ಓಮ್ ನಿಯಮವನ್ನು ಒಮ್ಮೆ ಕೇಳುವುದು ಲೇಸು.

55 ವ್ಯಾಟ್‌ನ ಎರಡು ದೀಪಗಳಿಗೆ 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಸಾಕು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಬೇಕು, 150 ಎನ್ನೋಣ. ಬ್ಯಾಟರಿಯ ಧ್ರುವಕ್ಕೂ ತಂತಿಗೂ ನಡುವೆ ಬಿಳಿ-ಹಸಿರು ಪುಡಿ ಕಟ್ಟಿ 0.04 ಓಮ್ ರೋಧ ಬಂತೆನ್ನಿ. ದೀಪದ ಪಾಲಿಗೆ ನಷ್ಟ ಬರೀ 0.36 ವೋಲ್ಟ್, ಕಣ್ಣಿಗೆ ಕಾಣದು. ಆದರೆ 150 ಆಂಪಿಯರ್ ಹರಿಯಬೇಕಾದರೆ ಆ ಪುಡಿಯೇ 6 ವೋಲ್ಟ್ ನುಂಗಿಬಿಡುತ್ತದೆ. ಮೋಟಾರು ತಿರುಗೀತಾದರೂ ಹೇಗೆ?

ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್‌ನಲ್ಲಿರಲಿ. ದೀಪ ಹಾಕಿಕೊಂಡೇ ಕೀಲಿ ತಿರುಗಿಸಿ. (ಕೆಲವು ಕಾರುಗಳಲ್ಲಿ ಆಗ ಹೆಡ್‌ಲೈಟ್ ತಾನೇ ಆರುತ್ತದೆ, ಅಲ್ಲಿ ಒಳದೀಪ ನೋಡಿ.) ಬೆಳಕು ತೀರಾ ಮಂಕಾದರೆ ಬ್ಯಾಟರಿ ಬರಿದಾಗಿರಬೇಕು, ಇಲ್ಲವೇ ಜೋಡಣೆ ಕೆಟ್ಟಿರಬೇಕು. ಮಂಕಾಗದಿದ್ದರೆ ದೋಷ ಹೆಚ್ಚಾಗಿ ಸ್ವಿಚ್, ಸೊಲೆನಾಯ್ಡ್ ಅಥವಾ ಮೋಟಾರಿನ ಕಡೆ.

ಪುಡಿ ತೆಗೆಯಲು ಅಡುಗೆ ಸೋಡಾ ಬೆರೆಸಿದ ನೀರು, ಹಳೆಯ ಬ್ರಶ್ ಸಾಕು. ಸೋಡಾ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಮಕ್ಕಳು ದೂರ ನಿಂತು ನೋಡಲಿ. ಬಿಚ್ಚುವಾಗ ಮೊದಲು ಋಣ ಧ್ರುವ, ಜೋಡಿಸುವಾಗ ಅದೇ ಕೊನೆಗೆ. ಕಾರಿನ ಮೈಯೆಲ್ಲ ಋಣ ಧ್ರುವಕ್ಕೇ ಸೇರಿದೆಯಲ್ಲ! ಧನ ಧ್ರುವ ಬಿಚ್ಚುವ ಸ್ಪ್ಯಾನರ್ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಹೊತ್ತಿಕೊಳ್ಳಲು ಅಷ್ಟು ಕಿಡಿ ಸಾಕು.